ಸಮ್ ಅಕ್ಕಾರದು

ಪುಣೆಯ ಸಂಗೀತ ಕಛೇರಿಗಳ ಹಳೆಯ ಫೋಟೋಗಳನ್ನು ಯಾರಾದರೂ ತೆಗೆದು ನೋಡಿದರೆ ನಾನು ಸಿಗುತ್ತೇನೆ. ಪೂರ್ತಿ ಸಿಗುವುದಿಲ್ಲ. ನಡುವೆ ರೇಷ್ಮೆ ಸೀರೆ ಉಟ್ಟ ಅಕ್ಕಾರು ಕೈ ಎತ್ತಿರುತ್ತಾರೆ. ಅವರ ಎಡ ಹೆಗಲ ಹಿಂದೆ ಒಂದು ತಂಬೂರಿಯ ಕೊರಳು, ಅದಕ್ಕೆ ತಾಗಿದ ಒಂದು ಕಿವಿ, ಅರ್ಧ ಕುಂಕುಮ. ಆ ಅರ್ಧ ಕುಂಕುಮ ನಾನು.

ಅಕ್ಕಾರು ಎಂದರೆ ನನ್ನ ಗುರುಗಳು. ಕಲಿಸುವ ಹೆಂಗಸರನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ಅವರೂ ನಮ್ಮ ಹಾಗೆ ಧಾರವಾಡದ ಸೀಮೆಯವರು, ಪುಣೆಗೆ ಬಂದು ಅರ್ಧ ಆಯುಷ್ಯ ಕಳೆದವರು. ಸಭೆಯಲ್ಲಿ ಮರಾಠಿ, ಪತ್ರಿಕೆಯವರ ಜೊತೆ ಹಿಂದಿ, ಮನೆಯೊಳಗೆ ಕನ್ನಡ. ಶಿಷ್ಯೆಯರಲ್ಲಿ ಕನ್ನಡದವಳು ನಾನೊಬ್ಬಳೇ ಆದ್ದರಿಂದ ಹೊಗಳಿಕೆಯೆಲ್ಲ ಮರಾಠಿಯಲ್ಲಿ ಉಳಿದವರಿಗೆ ಹೋಗುತ್ತಿತ್ತು, ಬೈಗುಳ ಕನ್ನಡದಲ್ಲಿ ನನಗೆ ಬರುತ್ತಿತ್ತು. ನಮ್ಮವ್ವ ಅದನ್ನೇ ಪ್ರೀತಿ ಅನ್ನುತ್ತಿದ್ದಳು. "ತನ್ನವರನ್ನ ಬೈತಾರ. ಹೊರಗಿನವರನ್ನ ಯಾರ ಬೈತಾರ?" ಇಂಥ ಪ್ರೀತಿಯನ್ನು ಉಂಡುಕೊಂಡು ನಾನು ಇಪ್ಪತ್ತರಿಂದ ಮೂವತ್ನಾಲ್ಕರವರೆಗೆ ಬದುಕಿದೆ.

ಹಿಂದೆ ಕೂತವಳ ಕೆಲಸ ತಂಬೂರಿ ಮೀಟುವುದಷ್ಟೇ ಅಲ್ಲ. ಗುರುಗಳು ಉಸಿರು ಎಳೆದುಕೊಳ್ಳುವಾಗ, ನೀರು ಕುಡಿಯುವಾಗ, ಕೆಮ್ಮು ಬಂದಾಗ ಸ್ವರ ನೆಲಕ್ಕೆ ಬೀಳದಂತೆ ಹಿಡಿಯಬೇಕು. ಕಣ್ಣಲ್ಲಿ ಸನ್ನೆ ಮಾಡಿದರೆ ಒಂದಿಷ್ಟು ಆಲಾಪ ತೆಗೆಯಬೇಕು, ಸ್ವರಗಳನ್ನು ವೇಗವಾಗಿ ಓಡಿಸುವ ಒಂದು ತಾನು ಹೊಡೆಯಬೇಕು. ಆದರೆ ಮುಗಿಸುವಂತಿಲ್ಲ. ಸಂಗೀತದ ಸಹವಾಸವಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ತಾಳ ಒಂದು ಸುತ್ತು ಹಾಕಿ ಮತ್ತೆ ಶುರುವಾಗುವ ಮೊದಲ ಪೆಟ್ಟಿಗೆ ಸಮ್ ಎನ್ನುತ್ತಾರೆ. ಹಾಡುವವರು ಎಲ್ಲೆಲ್ಲಿ ಅಲೆದರೂ ಹಾಡಿನ ಮೊದಲ ಸಾಲನ್ನು ಹಿಡಿದುಕೊಂಡು ಅಲ್ಲಿಗೆ ಬಂದು ಇಳಿಯಬೇಕು. ತಬಲಾದವನೂ ಅಲ್ಲಿಗೇ ಬರುತ್ತಾನೆ. ಸಭೆ ತಲೆದೂಗುವುದು ಅಲ್ಲಿ, ಮುಂದಿನ ಸಾಲಿನ ಮುದುಕರು ತೊಡೆ ತಟ್ಟಿ ವಾಹ್ ಅನ್ನುವುದು ಅಲ್ಲಿ. ಅಡುಗೆ ಯಾರು ಮಾಡಿದರೂ ಬಡಿಸಿದವರಿಗೆ ಹೆಸರು ಬರುತ್ತದಲ್ಲ, ಅಂಥ ಜಾಗ ಅದು.

"ನೀ ಎತ್ತಿಕೊಂಡು ಬಾ. ಇಳಸೂದು ನನ್ನ ಕೆಲಸ," ಎಂದು ಅಕ್ಕಾರು ಮೊದಲ ಕಛೇರಿಗೆ ಮುಂಚೆಯೇ ಹೇಳಿದ್ದರು. "ಸಮ್ ನಂದು. ತಿಳೀತೋ ಇಲ್ಲೋ?"

"ತಿಳೀತ್ರಿ ಅಕ್ಕಾರ."

ಇದು ಅವರು ಕಂಡುಹಿಡಿದ ಕಾನೂನಲ್ಲ. ಎಲ್ಲ ಕಡೆಯೂ ಶಿಷ್ಯರು ಸಮ್ಮಿನ ಬಾಗಿಲವರೆಗೆ ಬಂದು ನಿಲ್ಲುತ್ತಾರೆ, ಗುರುಗಳು ಒಳಗೆ ಹೋಗುತ್ತಾರೆ. ಆದರೆ ಬೇರೆಯವರು ಮನೆಯ ಪಾಠದಲ್ಲಾದರೂ ಶಿಷ್ಯರಿಗೆ ಅದನ್ನು ಬಿಟ್ಟುಕೊಡುತ್ತಾರೆ. ಅಕ್ಕಾರ ಮನೆಯಲ್ಲಿ ಪಾಠವೆಂದರೆ ಅವರ ರಿಯಾಜು, ಅವರದೇ ಸಾಧನೆ. ನಾವು ಅಲ್ಲಿಯೂ ಹಿಂದೆಯೇ. ನಾನು ಎತ್ತಿಕೊಂಡು ಬರುತ್ತಿದ್ದೆ, ಅವರು ಇಳಿಸುತ್ತಿದ್ದರು. ಪುಣೆಯ ಖಡಕಿಯ ಕಾರ್ಖಾನೆಯಲ್ಲಿ ಜೀವಮಾನವಿಡೀ ಕೆಲಸ ಮಾಡಿದ ನಮ್ಮಪ್ಪನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. "ಆಳಾಗಿ ದುಡಿ, ಅರಸಾಗಿ ಉಣ್ಣು ಅಂತಾರ," ಅನ್ನುತ್ತಿದ್ದ. ಗಾದೆಯ ಮೊದಲರ್ಧ ನನಗೆ ಚೆನ್ನಾಗಿಯೇ ಒಗ್ಗಿತ್ತು.

ಊರಿನ ಒಂದು ಸಂಗೀತ ಸಭೆ ಪ್ರತಿ ಚಳಿಗಾಲ ಉತ್ಸವ ನಡೆಸುತ್ತದೆ. ಅದರ ಕೊನೆಯ ದಿನದ ಬೆಳಗಿನ ಹೊತ್ತನ್ನು ಹೊಸಬರಿಗೆ ಬಿಡುತ್ತಾರೆ. ಅಲ್ಲಿ ಹಾಡಿದವರನ್ನು ಬೇರೆ ಊರುಗಳವರು ಕರೆಯುತ್ತಾರೆ. ಹಾಡದವರು ಮಕ್ಕಳಿಗೆ ಸರಿಗಮ ಹೇಳಿಕೊಡುತ್ತ ಮುದುಕಿಯರಾಗುತ್ತಾರೆ. ಆ ಬೆಳಗಿಗೆ ಆಡಿಷನ್ ಉಂಟು, ವಯಸ್ಸಿನ ಮಿತಿಯೂ ಉಂಟು. ನನಗೆ ಉಳಿದಿದ್ದದ್ದು ಎರಡೇ ಅವಕಾಶ. ಹಾಡುವವಳು ಅಂತ ಆಗಬೇಕಾದರೆ ಇಲ್ಲಿ ಆಗಬೇಕು, ಇಲ್ಲವಾದರೆ ಅರ್ಧ ಕುಂಕುಮವಾಗಿಯೇ ಉಳಿಯಬೇಕು. ಇದು ನನಗೆ ಗೊತ್ತಿತ್ತು, ಅಕ್ಕಾರಿಗೂ ಗೊತ್ತಿತ್ತು.

ಅಪ್ಪಣೆ ಕೇಳಲು ಹೋದಾಗ ಅವರು ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು. ತಿರುಗಿ ನೋಡಲಿಲ್ಲ.

"ಹೋಗು. ಯಾರ ಬ್ಯಾಡಂದಾರ? ಹೋಗಿ ನೋಡಿ ಬಾ. ಅನುಭವ ಆಗ್ತದ."

"ನಿಮಗ ಏನ ಅನಸ್ತದರಿ ಅಕ್ಕಾರ? ಆಗ್ತದೇನ್ರಿ ನನ್ನ ಕಡಿಂದ?"

"ಆಗೂದು ಹೋಗೂದು ನಮ್ಮ ಕೈಯಾಗ ಅದ ಏನು? ಅವಲಕ್ಕಿ ತಿಂತಿ ಇಲ್ಲೋ?"

ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಯಾರಾದರೂ ಅವರಿಂದ ಕಲಿಯಬೇಕು. ನಾನು ಅವಲಕ್ಕಿ ತಿಂದು, ಕಾಲಿಗೆ ನಮಸ್ಕಾರ ಮಾಡಿ ಬಂದೆ.

ಆಡಿಷನ್ ನಡೆದದ್ದು ಒಂದು ಶಾಲೆಯ ಚಿತ್ರಕಲೆಯ ಕೋಣೆಯಲ್ಲಿ. ಎದುರಿಗೆ ಮೂವರು ಪರೀಕ್ಷಕರು, ಪಕ್ಕದಲ್ಲಿ ತಬಲಾ, ಹಾರ್ಮೋನಿಯಂ ಪೇಟಿ. ನಾನು ಶುದ್ಧ ಸಾರಂಗ ರಾಗ ಎತ್ತಿಕೊಂಡೆ. ದನಿ ಚೆನ್ನಾಗಿ ಹತ್ತಿತು. ಮೂವರಲ್ಲಿ ಹಿರಿಯರಾದವರು ಕಣ್ಣು ಮುಚ್ಚಿಕೊಂಡದ್ದನ್ನು ನೋಡಿ ನನಗೆ ಸಂತೋಷವೂ ಆಯಿತು. ನಿಧಾನವಾಗಿ ಮೇಲಿನ ಷಡ್ಜಕ್ಕೆ ಹೋಗಿ ಒಂದು ತಾನು ತೆಗೆದುಕೊಂಡು ಇಳಿಯುತ್ತ ಬಂದೆ. ಹಾಡಿನ ಮೊದಲ ಸಾಲಿನ ಹತ್ತಿರ ಬಂದೆ. ಬಂದು, ಬಾಯಿ ಮುಚ್ಚಿಕೊಂಡೆ.

ತಬಲಾದವನು ಸಮ್ಮಿಗೆ ಒಬ್ಬನೇ ಬಂದ. ಪೆಟ್ಟು ಒಂಟಿಯಾಗಿ ಬಿತ್ತು. ಅವನು ನನ್ನ ಮುಖ ನೋಡಿದ. ನಾನು ನನ್ನ ಎದುರಿಗಿದ್ದ ಗಾಳಿಯನ್ನು ನೋಡುತ್ತಿದ್ದೆ, ಯಾಕೆಂದರೆ ಅಲ್ಲಿ ಒಂದು ಬೆನ್ನು ಇರಬೇಕಾಗಿತ್ತು. ಮತ್ತೊಂದು ಸುತ್ತಿನಲ್ಲಿ ಎಚ್ಚರವಾಗಿರುತ್ತೇನೆಂದು ಹೊರಟೆ. ಎಚ್ಚರವಾಗಿಯೇ ಇದ್ದೆ, ಆದರೂ ಬಾಗಿಲಲ್ಲಿ ನಿಂತೆ. ನನ್ನ ಕಿವಿಯೊಳಗೆ ಅಕ್ಕಾರ ದನಿ ಸರಿಯಾದ ಹೊತ್ತಿಗೆ ಬಂದು, ಸರಿಯಾದ ಜಾಗದಲ್ಲಿ ಇಳಿಯಿತು. ಅದು ನನಗೆ ಎಷ್ಟು ಸ್ಪಷ್ಟವಾಗಿ ಕೇಳಿಸಿತ್ತೆಂದರೆ, ಕೋಣೆಯಲ್ಲಿ ಬೇರೆ ಯಾರಿಗೂ ಕೇಳಿಸಲಿಲ್ಲ ಎಂಬುದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನನ್ನ ಕೈ ತುತ್ತನ್ನು ಪಕ್ಕದವರ ಬಾಯಿಗೆ ಕೊಡುವುದನ್ನಷ್ಟೇ ಕಲಿತಿತ್ತು.

ಹಿರಿಯರು ಕಣ್ಣು ತೆರೆದು, ನಗುತ್ತ, ಮರಾಠಿಯಲ್ಲಿ ಯಾರ ಹಿಂದೆ ಕೂಡುತ್ತೀಯಮ್ಮ ಎಂದು ಕೇಳಿದರು. ಹೇಳಿದೆ. ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅವರಿಗೆ ಅರ್ಥವಾಯಿತು ಎಂದು ನನಗೆ ಅರ್ಥವಾಯಿತು. ಆದರೂ ಅವರು ಕೊಟ್ಟ ಅಭಿಪ್ರಾಯ ಬೇರೆ: "ಆವಾಜ್ ಚಾಂಗಲಾ ಆಹೆ. ಆತ್ಮವಿಶ್ವಾಸ ಕಮೀ." ದನಿ ಚೆನ್ನಾಗಿದೆ, ಆತ್ಮವಿಶ್ವಾಸ ಕಡಿಮೆ. ದೊಡ್ಡವರನ್ನು ಎದುರು ಹಾಕಿಕೊಳ್ಳದೆ ಸಣ್ಣವರನ್ನು ಮನೆಗೆ ಕಳಿಸಲು ಇದಕ್ಕಿಂತ ಒಳ್ಳೆಯ ಪದ ಈ ಊರಿನಲ್ಲಿ ಇಲ್ಲ.

ಅಕ್ಕಾರಿಗೆ ಹೇಳಿದೆ. ಅವರು ತಂಬೂರಿಯ ತಂತಿಗೆ ದಾರ ಸರಿಮಾಡುತ್ತ, "ನಾ ಮೊದಲs ಅನ್ಕೊಂಡಿದ್ದೆ. ನಿನಗ ಧೈರ್ಯ ಸಾಲದು. ಎಲ್ಲಾರಿಗೂ ಮುಂದ ಕೂಡೂದು ಬರೂದಿಲ್ಲ," ಎಂದರು. ಆ ವಾರದ ಕಛೇರಿಯಲ್ಲಿ ಸಭೆಯೆದುರು ಮೈಕು ಹಿಡಿದು ನನ್ನನ್ನು ತೋರಿಸಿ, ಇವಳು ನನ್ನ ನೆರಳು ಎಂದು ಮರಾಠಿಯಲ್ಲಿ ಹೊಗಳಿದರು. ಜನ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದೆ. 

ನನ್ನ ಗಂಡ ಬೆಂಗಳೂರಿನವನು, ಹಡಪಸರದ ಒಂದು ಆಫೀಸಿನಲ್ಲಿ ಕೆಲಸ. ಅವನಿಗೆ ಪ್ರತಿಯೊಂದು ತೊಂದರೆಗೂ ಒಂದು ಕೋರ್ಸು ಗೊತ್ತು. "ಇದು ಸಿಂಪಲ್ ಕಣೇ. ಕಾನ್ಫಿಡೆನ್ಸ್ ಬಿಲ್ಡ್ ಮಾಡ್ಕೋಬೇಕು ಅಷ್ಟೇ," ಎಂದು ಆನ್‌ಲೈನಿನಲ್ಲಿ ಹೇಳಿಕೊಡುವ ಒಬ್ಬ ಹೆಂಗಸಿಗೆ ನನ್ನನ್ನು ಒಪ್ಪಿಸಿದ. ಅವಳು ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಸೊಂಟಕ್ಕೆ ಕೈ ಇಡಿಸಿ, ನಾನು ಯೋಗ್ಯಳು, ನಾನು ಯೋಗ್ಯಳು ಎಂದು ಹೇಳಿಸಿದಳು. ಪರೀಕ್ಷಕರನ್ನು ಒಳಉಡುಪಿನಲ್ಲಿ ಕಲ್ಪಿಸಿಕೊಳ್ಳಿ, ಭಯ ಹೋಗುತ್ತದೆ ಎಂದಳು. ಎಪ್ಪತ್ತು ದಾಟಿದ ಆ ಮೂವರನ್ನು ಹಾಗೆ ಕಲ್ಪಿಸಿಕೊಂಡು ನನಗೆ ಊಟ ಸೇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನನಗೆ ಭಯವಿರಲಿಲ್ಲ. ನನಗೆ ಸಮ್ ಇರಲಿಲ್ಲ. ಇದನ್ನು ಗಂಡನಿಗೆ ಬಿಡಿಸಿ ಹೇಳಿದರೆ, "ಎರಡೂ ಒಂದೇ ಅಲ್ವಾ?" ಎಂದ. ಆ ಮಾತಿಗೆ ಅವನ ಜೊತೆ ಜಗಳವಾಡಿದೆ.

ಕೊನೆಗೆ ನನಗೆ ನಾನೇ ಪಾಠ ಹೇಳಿಕೊಂಡೆ. ಅವನು ಆಫೀಸಿಗೆ ಹೋದ ಮೇಲೆ ಫೋನಿನ ತಬಲಾ ಹಚ್ಚಿ, ರಾಗವನ್ನು ಪಕ್ಕಕ್ಕಿಟ್ಟು, ಬರೀ ಸಮ್ಮಿಗೆ ಬಂದು ಇಳಿಯುವುದು, ಮತ್ತೆ ಹೋಗುವುದು, ಮತ್ತೆ ಬಂದು ಇಳಿಯುವುದು. ಮೊದಮೊದಲು ಕಳ್ಳತನ ಮಾಡಿದ ಹಾಗೆ ಅನ್ನಿಸುತ್ತಿತ್ತು. ಅಕ್ಕಾರ ದನಿ ಕಿವಿಯಲ್ಲಿ ಏಳುವುದರೊಳಗೆ ನಾನು ಬಾಯಿ ತೆರೆಯಬೇಕು; ತಡವಾದರೆ ಅವರು ಇಳಿದುಬಿಡುತ್ತಿದ್ದರು. ಕೆಳಗಿನ ಮನೆಯ ಅಜ್ಜಿ ಬಂದು, ದಿನವೂ ಒಂದೇ ಸಾಲು ಹಾಡುತ್ತೀಯಲ್ಲ, ಮುಂದಿನದು ಮರೆತಿದೆಯಾ ಎಂದು ಮರಾಠಿಯಲ್ಲಿ ವಿಚಾರಿಸಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಆ ಸಾಲು ನನ್ನದಾಯಿತು. ಬಾಯಿ ತಾನಾಗಿ ತೆರೆಯಿತು.

ತಾನಾಗಿ ತೆರೆದದ್ದೇ ತಪ್ಪಾಯಿತು. ಗಣಪತಿ ಹಬ್ಬಕ್ಕೆ ಹಡಪಸರದ ಒಂದು ದೊಡ್ಡ ವಸತಿ ಸೊಸೈಟಿಯವರು ಅಕ್ಕಾರ ಕಛೇರಿ ಇಟ್ಟುಕೊಂಡಿದ್ದರು. ಅಕ್ಕಾರಿಗೆ ನೆಗಡಿ. ಅವತ್ತು ಹೆಚ್ಚು ಹೆಚ್ಚು ನನಗೇ ಬಿಡುತ್ತಿದ್ದರು. ಒಂದು ತಾನು ಎತ್ತಿಕೊಂಡೆ, ಇಳಿದೆ, ಮೊದಲ ಸಾಲನ್ನು ಹಿಡಿದೆ, ಸಮ್ಮಿನ ಮೇಲೆ ಧಡಂ ಎಂದು ಕೂತೆ. ಜನ ಹೋ ಎಂದರು. ಸಂಗೀತದ ಗಂಧವಿಲ್ಲದ ಜನ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಕ್ಕಳನ್ನು ತೊಡೆಯ ಮೇಲೆ ಇಟ್ಟುಕೊಂಡವರು, ಅವರಿಗೂ ಅದು ತಿಳಿಯಿತು. ಅಕ್ಕಾರು ತೆರೆದ ಬಾಯಿಯನ್ನು ಮುಚ್ಚಿಕೊಂಡರು. ನಕ್ಕರು. ಉಳಿದ ಕಛೇರಿಯಲ್ಲಿ ಒಮ್ಮೆಯೂ ನನ್ನ ಕಡೆ ಸನ್ನೆ ಮಾಡಲಿಲ್ಲ, ಕೆಮ್ಮು ಬಂದಾಗಲೂ.

ವಾಪಸು ಬರುವಾಗ ಕಾರು ಟ್ರಾಫಿಕ್ಕಿನಲ್ಲಿ ನಿಂತಿತ್ತು. ಅವರು ಮುಂದೆ, ನಾನು ಹಿಂದೆ, ತೊಡೆಯ ಮೇಲೆ ತಂಬೂರಿ. ಡ್ರೈವರಿಗೆ ಕನ್ನಡ ಬಾರದು.

"ನನ್ನ ತಾಟಿನ್ಯಾಗ ಕೈ ಹಾಕಿದಿ," ಎಂದರು, ರಸ್ತೆ ನೋಡುತ್ತ.

"ತಪ್ಪಾತ್ರಿ ಅಕ್ಕಾರ. ಮನ್ಯಾಗ ರೂಢಿ ಮಾಡಾಕತ್ತಿದ್ದೆ, ಹಂಗs ಬಂದುಬಿಡ್ತು."

"ರೂಢಿ? ಯಾರ ಹೇಳಿಕೊಟ್ರು ನಿನಗ ಆ ರೂಢಿ?"

"ಯಾರೂ ಹೇಳಿಕೊಡಲಿಲ್ರಿ. ಅದಕ್ಕs ನಾನs ಕಲ್ಕೊಂಡೆ."

ನನಗೇ ಗೊತ್ತಿಲ್ಲದಂತೆ ಬಂದ ಮಾತು ಅದು. ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಅನ್ನಿಸಲಿಲ್ಲ.  ಮುಂದಿನ ಕಛೇರಿಗೆ ಎಷ್ಟು ಹೊತ್ತಿಗೆ ಬರಲಿ ಎಂದು ಫೋನು ಮಾಡಿದರೆ, ಆ ಕಡೆಯಿಂದ ಹೊಸ ಹುಡುಗಿಯೊಬ್ಬಳು, ಈ ಸಲ ಹಿಂದೆ ಕೂಡಲು ಅಕ್ಕಾರು ನನ್ನನ್ನು ಕರೆದಿದ್ದಾರೆ, ನೀವು ವಿಶ್ರಾಂತಿ ತೆಗೆದುಕೊಳ್ಳಬೇಕಂತೆ ಎಂದಳು. ಹದಿನಾಲ್ಕು ವರ್ಷದ ಮೇಲೆ ನನಗೆ ಸಿಕ್ಕ ವಿಶ್ರಾಂತಿ ಅದು.

ಎರಡನೆಯ ಆಡಿಷನ್ ಅದೇ ಚಿತ್ರಕಲೆಯ ಕೋಣೆ. ಹಿರಿಯರು ಅವರೇ. ಒಬ್ಬ ಪರೀಕ್ಷಕರು ಬದಲಾಗಿದ್ದರು. ಅವರ ಕುರ್ಚಿಯಲ್ಲಿ ಅಕ್ಕಾರು ಕೂತಿದ್ದರು. ನನಗೆ ಯಾರೂ ಹೇಳಿರಲಿಲ್ಲ. ಬಾಗಿಲ ಹೊರಗಿನ ಬೆಂಚಿನಿಂದ ಅವರ ಸೀರೆಯ ಅಂಚು ಕಂಡು ಗುರುತಿಸಿದೆ.

ಉತ್ಸವ ನಡೆಸುವ ಆ ಸಭೆಯಲ್ಲಿ ಒಂದು ನಿಯಮವಿದೆ. ತನ್ನ ಶಿಷ್ಯರು ಹಾಡಲು ಬಂದರೆ ಪರೀಕ್ಷಕರು ಎದ್ದು ಹೊರಗೆ ಹೋಗಬೇಕು. ನನಗಿಂತ ಮುಂಚೆ ಹಾಡಿದ ಹುಡುಗನ ಗುರುಗಳೂ ಆ ಮೂವರಲ್ಲಿ ಒಬ್ಬರು. ಹುಡುಗ ಒಳಗೆ ಬಂದ ಕೂಡಲೆ ಅವರು ಎದ್ದು ಅವನ ತಲೆಯ ಮೇಲೊಂದು ಮೊಟಕಿ, ಹೊರಗೆ ಬಂದು ನಮ್ಮ ಜೊತೆ ಚಹಾ ಕುಡಿದರು. ಹಾಡು ಮುಗಿಯುವವರೆಗೆ ಅವರ ಕೈ ಸುಮ್ಮನೆ ಇರಲಿಲ್ಲ, ಕಪ್ಪಿನ ಮೇಲೆ ತಾಳ ಹಾಕುತ್ತಿತ್ತು. ಅದನ್ನು ನೋಡುತ್ತ ಕೂತಾಗ ನನಗೆ ಬೇಕಾದದ್ದೇನು ಎಂದು ನನಗೆ ಗೊತ್ತಾಯಿತು. ಅಕ್ಕಾರು ಏಳಬೇಕು. ನನ್ನ ತಲೆಗೆ ಮೊಟಕುವುದು ಬೇಡ, ಮುಖ ನೋಡುವುದೂ ಬೇಡ. ಎದ್ದು ಹೊರಗೆ ಹೋದರೆ ಸಾಕು, ಆಮೇಲೆ ಸೋತರೂ ಚಿಂತೆಯಿಲ್ಲ ಎನ್ನಿಸಿತು.

ಒಳಗೆ ಹೋಗಿ ನಮಸ್ಕಾರ ಮಾಡಿದೆ. ತಂಬೂರಿ ಶ್ರುತಿ ಮಾಡಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ. ಅವರು ಕುರ್ಚಿಯಲ್ಲಿ ಹಾಗೆಯೇ ಕೂತಿದ್ದರು.

"ಹೀ ತುಮಚೀ ಶಿಷ್ಯಾ ನಾ?" ಎಂದು ಹಿರಿಯರು ಅವರನ್ನು ಕೇಳಿದರು, ನಿಮ್ಮ ಶಿಷ್ಯೆಯಲ್ಲವೇ ಎಂದು.

"ನಾಹೀ," ಎಂದರು ಅಕ್ಕಾರು. ಅಲ್ಲ. ಹಿಂದೆ ಕೂತು ತಂಬೂರಿ ಬಾರಿಸುತ್ತಿದ್ದಳು, ಅಷ್ಟೇ ಎಂದರು, ಅದೂ ಮರಾಠಿಯಲ್ಲಿ. ಬೈದಿದ್ದರೆ ಕನ್ನಡದಲ್ಲಿ ಬೈಯುತ್ತಿದ್ದರು.

ನಾನು ಏನು ಮಾಡಬಹುದಿತ್ತು? ಎದ್ದು ಬರಬಹುದಿತ್ತು. ಆದರೆ ತಬಲಾದವನು ಆಗಲೇ ನನ್ನ ಮುಖ ನೋಡುತ್ತಿದ್ದ. ಭೀಮಪಲಾಸ ಎತ್ತಿಕೊಂಡೆ. ಸಿಟ್ಟಿಗೆ ದನಿ ಮೊದಲು ಸ್ವಲ್ಪ ಗಡುಸಾಯಿತು, ಆಮೇಲೆ ಹದಕ್ಕೆ ಬಂತು. ಮೊದಲ ಸಮ್ಮಿಗೆ ನಾನೇ ಇಳಿದೆ, ಎರಡನೆಯದಕ್ಕೂ ಇಳಿದೆ. ಮೈ ಹಗುರಾಯಿತು. ಒಂದು ಉದ್ದನೆಯ ತಾನು ತೆಗೆದುಕೊಂಡೆ. ಅಕ್ಕಾರ ಮನೆಯಲ್ಲಿ ಲೆಕ್ಕವಿಲ್ಲದಷ್ಟು ಸಲ ಎತ್ತಿಕೊಂಡು ಬಂದ ತಾನು ಅದು. ಮೇಲಿಂದ ಇಳಿದು, ತಿರುಗಿ, ಮೊದಲ ಸಾಲನ್ನು ಹಿಡಿದು ಸಮ್ಮಿಗೆ ಬಂದೆ. ಬಂದಾಗ ನನ್ನ ದನಿಯ ಜೊತೆ ಇನ್ನೊಂದು ದನಿ ಇಳಿಯಿತು.

ಈ ಸಲ ಅದು ನನ್ನ ಕಿವಿಯೊಳಗಿನದಲ್ಲ, ಎಲ್ಲರಿಗೂ ಕೇಳಿಸಿತು. ಅಕ್ಕಾರು ಪರೀಕ್ಷಕರ ಕುರ್ಚಿಯಲ್ಲಿ ಕೂತು, ಕೈ ಎತ್ತಿ, ಪೂರ್ತಿ ಗಂಟಲಿನಿಂದ ಸಮ್ ಹಿಡಿದಿದ್ದರು. ಹಿಡಿದ ಮೇಲೆ ಅವರಿಗೆ ಎಚ್ಚರವಾಯಿತು. ಎತ್ತಿದ ಕೈ ಅಲ್ಲಿಯೇ ನಿಂತಿತ್ತು. ತಬಲಾದವನು ನಗು ತಡೆಯಲು ತಲೆ ಬಗ್ಗಿಸಿದ.

ಹಿರಿಯರು ಪೆನ್ನು ಕೆಳಗಿಟ್ಟರು. ತುಂಬ ಮರ್ಯಾದೆಯಿಂದ, ಹಾಗಾದರೆ ತಾವು ಹೊರಗೆ ಕೂತುಕೊಳ್ಳಬೇಕಾಗುತ್ತದೆ ಎಂದರು. ಅಕ್ಕಾರು ಕನ್ನಡಕ ತೆಗೆದು ಡಬ್ಬಿಗೆ ಹಾಕಿದರು, ಚೀಲ ತೆಗೆದುಕೊಂಡರು, ಸೆರಗು ಸರಿಮಾಡಿಕೊಂಡರು. ಬಾಗಿಲಿಗೆ ಹೋಗಲು ನನ್ನ ಪಕ್ಕದಿಂದಲೇ ಹಾದುಹೋಗಬೇಕಾಗಿತ್ತು. ಒಂದು ಗಳಿಗೆ ನಿಂತು ಕನ್ನಡದಲ್ಲಿ ಹೇಳಿದರು.

"ಹಾಡು. ಇನ್ನ ಹಿಡಿಯವ್ರು ಯಾರೂ ಇಲ್ಲ."

ನಾನು ಹಾಡಿದೆ. ಯಾವ ಸಮ್ಮೂ ತಪ್ಪಲಿಲ್ಲ. ಹಿರಿಯರು ಈಗ ಆತ್ಮವಿಶ್ವಾಸ ಬಂದಿದೆ ಎಂದು ಹೊಗಳಿದರು. ವಾರದ ಮೇಲೆ ಆಯ್ಕೆಯಾದ ಸುದ್ದಿ ಬಂತು. ಗಂಡ ಅದನ್ನು ಕೋರ್ಸಿನ ಫಲವೆಂದು ತಿಳಿದು ಆ ಹೆಂಗಸಿಗೆ ಧನ್ಯವಾದ ಬರೆದ. ಅವ್ವ ಮಾತ್ರ, ಏನಾದರೂ ಆಗಿರಲಿ, ಹೋಗಿ ಕಾಲಿಗೆ ಬಿದ್ದು ಬಾ ಎಂದು ಪೇಢೆಯ ಡಬ್ಬಿ ಕೈಗಿಟ್ಟಳು. ಹೋದೆ. ಹೊಸ ಹುಡುಗಿ ಬಾಗಿಲು ತೆರೆದು, ಅಕ್ಕಾರು ಮಲಗಿದ್ದಾರೆ ಎಂದಳು. ಒಳಗಿನಿಂದ ಅವರ ರಿಯಾಜು ಕೇಳಿಸುತ್ತಿತ್ತು. ಹುಡುಗಿಗೂ ಅದು ಕೇಳಿಸುತ್ತಿತ್ತು, ನನಗೆ ಕೇಳಿಸುತ್ತಿದೆ ಎಂಬುದೂ ಅವಳಿಗೆ ಗೊತ್ತಿತ್ತು. ಪೇಢೆಯನ್ನು ಅವಳಿಗೇ ಕೊಟ್ಟು ಬಂದೆ.

ಉತ್ಸವದ ಬೆಳಗ್ಗೆ ಚಳಿ ಚೆನ್ನಾಗಿತ್ತು. ಮುಂದಿನ ಸಾಲಿನ ಮುದುಕರು ಶಾಲು ಹೊದ್ದು ಬಂದಿದ್ದರು. ಹಾಡುವುದಕ್ಕೆ ಮುಂಚೆ ನಿರೂಪಕಿ ಯಾರ ಬಳಿ ಕಲಿತದ್ದು ಎಂದು ವೇದಿಕೆಯ ಮೇಲೇ ಕೇಳಿದಳು. ಗುರುವಿನ ಹೆಸರು ಬಾಯಿಗೆ ಬಂದಾಗ ಗೌರವದಿಂದ ಕಿವಿ ಮುಟ್ಟಿಕೊಳ್ಳುವುದು ಹಾಡುವವರ ಪದ್ಧತಿ. ನಿದ್ದೆಗಣ್ಣಿನಲ್ಲಿಯೂ ಕೈ ತಾನಾಗಿ ಹೋಗುತ್ತದೆ. ನಾನು ಅಕ್ಕಾರ ಹೆಸರು ಹೇಳಿದೆ. ಕೈಯನ್ನು ತೊಡೆಯ ಮೇಲೆ ಒತ್ತಿ ಹಿಡಿದುಕೊಂಡೆ. ಆಮೇಲೆ ತೋಡಿ ಹಾಡಿದೆ. ಜನ ತಲೆದೂಗಿದರು, ವಾಹ್ ಎಂದರು. ಎಲ್ಲ ಸಮ್ಮುಗಳೂ ನನ್ನವೇ.

ಮುಗಿದ ಮೇಲೆ ಅವ್ವನನ್ನು ಕೈ ಹಿಡಿದು ಹೊರಗೆ ಕರೆತಂದೆ. ಅವಳಿಗೆ ಈಗ ಕಣ್ಣು ಮಂದ, ಆದರೂ ನೋಡಬೇಕಾದ್ದನ್ನು ನೋಡುತ್ತಾಳೆ.

"ಕಿವಿ ಮುಟ್ಕೊಳ್ಳಲಿಲ್ಲ ನೀ," ಎಂದಳು.

"ಅದಿರಲಿ ಬಿಡವ್ವಾ. ಹಾಡಿದ್ದು ಹ್ಯಾಂಗಿತ್ತು, ಅದನ್ನ ಹೇಳು."

ಅವ್ವ ನಿಂತಳು. ಅವಳ ಕಣ್ಣಲ್ಲಿ ನೀರಿತ್ತು.

"ಭಾಳ ಛಲೋ ಹಾಡಿದಿ ನನ್ನವ್ವಾ. ಕಣ್ಣ ಮುಚ್ಚಿ ಕೂತಿದ್ದೆ. ಥೇಟ್ ನಿಮ್ಮ ಅಕ್ಕಾರs ಹಾಡಿಧಾಂಗ ಇತ್ತು."